ಸ್ಟೀರಿಯೊ ಆಂಪ್ಲಿಫೈಯರ್‌ನ ನಿಷ್ಕ್ರಿಯ ಚಾನೆಲ್
ಟ್ರಾನ್ಸಿಸ್ಟರ್ ಆಧಾರಿತ ಸ್ಟೀರಿಯೊ ಪವರ್ ಆಂಪ್ಲಿಫೈಯರ್‌ನ ಎರಡು ಚಾನೆಲ್‌ಗಳಲ್ಲಿ ಧ್ವನಿ ನೀಡದೆ ಉಳಿಯುವ ಒಂದನ್ನು ನಿಷ್ಕ್ರಿಯ ಚಾನೆಲ್ ಎನ್ನಲಾಗುತ್ತದೆ. ಸಾಮಾನ್ಯವಾಗಿ ಎರಡರ ಮಂಡಲವೂ ಒಂದೇ ಆಗಿರುವುದರಿಂದ, ಸುಸ್ಥಿತಿಯ ಚಾನೆಲ್ಲೇ ದುರಸ್ತಿಗೆ ಉತ್ತಮ ಮಾದರಿ.

ಅತಿಯಾದ ಉಷ್ಣತೆ ಇದರ ಪ್ರಮುಖ ಕಾರಣಗಳಲ್ಲೊಂದು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸಿಮೆಂಟ್ ಕಾರ್ಖಾನೆ, ಕಲ್ಲುಗಣಿಗಳ ಈ ಸೀಮೆಯಲ್ಲಿ ಹೀಟ್‌ಸಿಂಕ್‌ನ ರೆಕ್ಕೆಗಳಲ್ಲಿ ಧೂಳು ಕುಳಿತರೆ ಟ್ರಾನ್ಸಿಸ್ಟರ್‌ನ ಬಿಸಿ ಹೊರಹೋಗುವುದು ಕಷ್ಟ.

ಮೊದಲು ಸ್ಪೀಕರ್‌ಗಳನ್ನು ಕಳಚಿ ಔಟ್‌ಪುಟ್‌ನ ಡಿಸಿ ವೋಲ್ಟೇಜನ್ನು ಅಳೆಯಬೇಕು. ರಿಲೇ ಇದ್ದರೆ ಅದಕ್ಕಿಂತ ಹಿಂದಿನ ಬಿಂದುವಿನಲ್ಲಿ. ಧನ, ಋಣ ಎರಡೂ ಸರಬರಾಜುಳ್ಳ ಮಂಡಲದಲ್ಲಿ ಅದು ಶೂನ್ಯದ ಸಮೀಪವಿರಬೇಕು. ಹತ್ತಾರು ವೋಲ್ಟ್ ಕಂಡುಬಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವ ಸಂಭವ ಹೆಚ್ಚು. ಆಗ ಜೋಡಿಸಿದ ಸ್ಪೀಕರ್‌ನ ಸುರುಳಿ ಸುಡಬಹುದು. ಡಿಸಿ ಸರಿಯಿದ್ದರೆ ಸ್ಪೀಕರ್ ಜೋಡಿಸಿ, ಎಡ-ಬಲ ಇನ್‌ಪುಟ್ ತಂತಿಗಳನ್ನು ಅದಲುಬದಲು ಮಾಡಬೇಕು. ಮೌನವೂ ಬದಿ ಬದಲಿಸಿದರೆ ದೋಷ ಆಂಪ್ಲಿಫೈಯರ್‌ನದಲ್ಲ. ಇಲ್ಲವಾದರೆ ಸ್ಪೀಕರ್, ಫ್ಯೂಸ್, ರಿಲೇ ಸಂಪರ್ಕ, ಎಮಿಟರ್ ರೆಸಿಸ್ಟರ್‌ಗಳನ್ನು ಪರಿಶೀಲಿಸಬೇಕು. ಅಳತೆಗೆ ಮುನ್ನ ಫಿಲ್ಟರ್ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಬರಿದು ಮಾಡುವುದು ಕಡ್ಡಾಯ. ವಿದ್ಯುತ್ ಆರಿಸಿದ ಮೇಲೂ ಅವುಗಳಲ್ಲಿ ಅಪಾಯಕಾರಿ ಆವೇಶ ಉಳಿದಿರಬಹುದು.

ಸುಟ್ಟ ಟ್ರಾನ್ಸಿಸ್ಟರ್ ಒಂದನ್ನೇ ಬದಲಿಸುವುದು ಸಾಮಾನ್ಯ ತಪ್ಪು. ಡ್ರೈವರ್ ಅಥವಾ ಬಯಾಸ್ ಭಾಗ ಕೆಟ್ಟಿದ್ದರೆ ಹೊಸದೂ ಸ್ವಿಚ್ ಹಾಕಿದ ಕ್ಷಣದಲ್ಲೇ ಸುಡಬಹುದು. ಆದ್ದರಿಂದ ಮೊದಲ ಪರೀಕ್ಷೆಯನ್ನು, ಸ್ಪೀಕರ್ ಜೋಡಿಸದೆ, 60ರಿಂದ 100 ವ್ಯಾಟ್‌ನ ತಂತುದೀಪವನ್ನು ಸರಬರಾಜಿನೊಂದಿಗೆ ಸೀರೀಸ್‌ನಲ್ಲಿ ಜೋಡಿಸಿ ನಡೆಸುತ್ತಾರೆ. ದೀಪ ಒಮ್ಮೆ ಹೊಳೆದು ಮಂಕಾದರೆ ಮುಂದುವರಿಯಬಹುದು. ಪೂರ್ಣವಾಗಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಉಳಿದಿದೆ.