ಅಪ್ಪನ ಟ್ರಂಕು, ಅಮ್ಮನ ಬ್ಯಾಗು: ನಮ್ಮ ಲಗೇಜು ಹಗುರಾದ ಕಥೆ

ಇವತ್ತಿನ ವಿಷಯ ಸೂಟ್‌ಕೇಸು. ನಗಬೇಡಿ, ಇದಕ್ಕೂ ಇತಿಹಾಸ ಇದೆ. ಅದೂ ಅಲ್ದೆ ಈ ತಿಂಗಳು ನಮ್ಮನೆಯಲ್ಲಿ ಇದೇ ದೊಡ್ಡ ಜಗಳ.

ಅಮ್ಮ ಇರೋದು ವಿಠ್ಠಲವಾಡಿಯಲ್ಲಿ. ಅರವತ್ತಾರು ವರ್ಷ, ಎಡ ಮೊಣಕಾಲು ನೋವು. ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ ಒಬ್ಬರೇ ನನ್ನ ಹತ್ತಿರ ಡಲ್ಲಾಸ್‌ಗೆ ಬರ್ತಿದ್ದಾರೆ. ನಾನು ಆರ್ಡರ್ ಮಾಡಿ ಕಳಿಸಿದ ದೊಡ್ಡ ಗಟ್ಟಿ ಸೂಟ್‌ಕೇಸನ್ನು ಖಾಲಿ ಇರುವಾಗಲೇ ಎತ್ತಿ ನೋಡಿ ಫೋನಲ್ಲಿ ಹೇಳಿದ್ದು ಒಂದೇ ಮಾತು: "ಇದ್ ನಂಗೆ ಎತ್ತುಕೆ ಆತಿಲ್ಲೆ ಮಗಾ." ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಗಿಸಿದರೆ 5.2 ಕೆಜಿ!

ಅಪ್ಪ 1974ರಲ್ಲಿ ಕುಂದಾಪುರ ಬಿಟ್ಟು ಮುಂಬಯಿಗೆ ಬಂದದ್ದು ಬಸ್ಸಲ್ಲಿ, ಬಸ್ಸಿನ ಟಾಪ್ ಮೇಲೆ ತಗಡಿನ ಟ್ರಂಕು. ಚಿಕ್ಕವನಿದ್ದಾಗ ನನಗೆ ಅದು ಬರೀ ಭಾರದ ಡಬ್ಬ ಅನಿಸ್ತಿತ್ತು. ಆಮೇಲೆ ಅರ್ಥ ಆಯ್ತು, ಅದು ಲಗೇಜಲ್ಲ, ಮನೆ. ಹೋಟೆಲಲ್ಲಿ ಕೆಲಸ, ರಾತ್ರಿ ಶಟರ್ ಎಳೆದ ಮೇಲೆ ಅಲ್ಲೇ ನೆಲದಲ್ಲೋ ಬೆಂಚಿನ ಮೇಲೋ ನಿದ್ದೆ. ಬೀಗ ಹಾಕಬಹುದಾದ ಸ್ವಂತ ಜಾಗ ಅಂತ ಇದ್ದದ್ದು ಆ ಟ್ರಂಕು ಒಂದೇ. ಬಟ್ಟೆ, ದುಡ್ಡು, ಊರಿನ ಕಾಗದ ಎಲ್ಲ ಅದರೊಳಗೆ. ಅಂಥದ್ದು ಹಗುರ ಇದ್ದರೆ ಏನು ಬಂತು?

ರೈಲಿನವರ ಕಥೆ ಬೇರೆ. ಥರ್ಡ್ ಕ್ಲಾಸಿನ ಮರದ ಹಲಗೆ ಮೇಲೆ ಎರಡು ರಾತ್ರಿ ಮಲಗಬೇಕಾದವರು ಹಾಸಿಗೆಯನ್ನೂ ಹೊತ್ತುಕೊಂಡೇ ಹೋಗ್ಬೇಕಿತ್ತು. ಅದಕ್ಕೇ ಹೋಲ್ಡಾಲ್: ಕ್ಯಾನ್ವಾಸಿನಲ್ಲಿ ಹಾಸಿಗೆ, ದಿಂಬು, ಚಾದರ ಸುತ್ತಿ ಚರ್ಮದ ಪಟ್ಟಿ ಬಿಗಿಯೋದು. ಥರ್ಡ್ ಕ್ಲಾಸ್ ಹೋದದ್ದು 1974ರಲ್ಲಿ. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ ಸೆಕೆಂಡ್ ಕ್ಲಾಸಿನ ಬರ್ತ್‌ಗೆ ಎರಡಿಂಚಿನ ಫೋಮ್ ಹಾಕಿಸಿದರು. ಅದೇ ಡಿಸೆಂಬರಿನಲ್ಲಿ ಬಾಂಬೆ–ಹೌರಾ ನಡುವೆ ಹೊರಟ ಗೀತಾಂಜಲಿ ಎಕ್ಸ್‌ಪ್ರೆಸ್ಸಿನಲ್ಲಿ ಫಸ್ಟ್ ಕ್ಲಾಸೇ ಇರಲಿಲ್ಲ. ನನ್ನ ಕೇಳಿದ್ರೆ ಹೋಲ್ಡಾಲನ್ನು ಕೊಂದದ್ದು ಸೂಟ್‌ಕೇಸ್ ಕಂಪನಿ ಅಲ್ಲ, ಆ ಎರಡಿಂಚು ಫೋಮು. ಇದೇ ದಂಡವತೆ, ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಇಬ್ಬರೂ ಕೊಂಕಣ ರೈಲ್ವೆಗೆ ಹಠ ಹಿಡಿದವರು. 1998ರ ಜನವರಿ 26ಕ್ಕೆ ಲೈನು ಪೂರ್ತಿ ಆಯ್ತು. ಅಪ್ಪನ ಸಾಮಾನು ಟ್ರಂಕಿನಿಂದ ರೆಕ್ಸಿನ್ ಬ್ಯಾಗಿಗೆ ಬಂದದ್ದು ಆಮೇಲೇ. ವಿಠ್ಠಲವಾಡಿಯಿಂದ ಲೋಕಲ್, ಠಾಣೆಯಲ್ಲಿ ಮತ್ಸ್ಯಗಂಧ, ಬೆಳಗಾದರೆ ಊರು.

ಚಕ್ರದ ವಿಷಯ ಬಹಳ ಜನಕ್ಕೆ ಗೊತ್ತು, ಬೇಗ ಮುಗಿಸ್ತೀನಿ. ಬರ್ನಾರ್ಡ್ ಸ್ಯಾಡೊ ಅನ್ನುವವರಿಗೆ 1972ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ತು. ನಾಲ್ಕು ಚಕ್ರ, ಒಂದು ಪಟ್ಟಿ, ನಾಯಿ ಎಳೆದಂಗೆ ಎಳೆಯೋದು. ಮೊದಮೊದಲು ಅಂಗಡಿಯವರು ಬೇಡ ಅಂದರಂತೆ, ಗಂಡಸರು ಚಕ್ರದ ಪೆಟ್ಟಿಗೆ ಎಳೀತಾರಾ ಅಂತ. ನಾವೀಗ ಎಳೆಯುವ ನೆಟ್ಟಗಿನ, ಉದ್ದ ಹಿಡಿಯ ಬ್ಯಾಗು 1987ರದ್ದು. ಮಾಡಿದವರು ರಾಬರ್ಟ್ ಪ್ಲಾತ್, ನಾರ್ತ್‌ವೆಸ್ಟ್ ಏರ್‌ಲೈನ್ಸಿನ ಪೈಲಟ್. ಮೊದಲು ಕೊಂಡವರು ವಿಮಾನದ ಸಿಬ್ಬಂದಿ. ಅಂದ್ರೆ ಇದು ನುಣುಪು ನೆಲದ ಮೇಲೆ ಓಡಾಡುವವರ ಬ್ಯಾಗು. ವಿಠ್ಠಲವಾಡಿ ಸ್ಟೇಷನ್ನಿನ ಮೆಟ್ಟಿಲು ನೋಡಿ ಮಾಡಿದ್ದಲ್ಲ. ಮೆಟ್ಟಿಲ ಮೇಲೆ ಚಕ್ರ, ಹಿಡಿ, ಗಟ್ಟಿ ಚಿಪ್ಪು ಮೂರೂ ಬರೀ ಭಾರ.

ನಮ್ಮ ಸ್ಟೇಷನ್ನಿಗೆ ತಾಗಿಕೊಂಡೇ ಉಲ್ಲಾಸನಗರ. ದೇಶ ಇಬ್ಭಾಗವಾದಾಗ ಬಂದ ಸಿಂಧಿಗಳನ್ನು ಇಲ್ಲಿನ ಮಿಲಿಟರಿ ಕ್ಯಾಂಪಿನಲ್ಲಿ ಇಳಿಸಿದ್ದು, 1949ರಲ್ಲಿ ಊರಿಗೆ ಈ ಹೆಸರು ಬಂತು. ಕೈಯಲ್ಲಿ ಹಿಡಿದಷ್ಟೇ ತಂದವರು. ಇವತ್ತು ಅಲ್ಲಿಯ ಬಜಾರಿನಲ್ಲಿ ಸಿಗದ ಬ್ಯಾಗಿಲ್ಲ. ಅಮ್ಮನನ್ನು ಅಲ್ಲಿಗೇ ಕಳಿಸಿದೆ, ಫೋನಲ್ಲಿ ನಾನು.

ನನ್ನ ಲೆಕ್ಕ ಹೀಗಿತ್ತು: ಟಿಕೆಟ್ಟಿನಲ್ಲಿ 23 ಕೆಜಿಯ ಎರಡು ಬ್ಯಾಗು, ಒಟ್ಟು 46, ಪೂರ್ತಿ ತುಂಬಬೇಕು. ಕುಕ್ಕರ್, ದೋಸೆ ಕಾವಲಿ ಎಲ್ಲ ಪಟ್ಟಿಯಲ್ಲಿತ್ತು. ಆದರೆ ಅಮೆರಿಕದಲ್ಲಿ ಮೊದಲು ಇಳಿಯುವ ಊರಲ್ಲೇ ಸಾಮಾನ್ಯವಾಗಿ ಬ್ಯಾಗನ್ನು ಬೆಲ್ಟಿನಿಂದ ಎತ್ತಿ, ಕಸ್ಟಮ್ಸ್ ದಾಟಿಸಿ, ಮತ್ತೆ ಕೊಡಬೇಕು. ಅಲ್ಲಿ ನಾನಿರಲ್ಲ. ವೀಲ್‌ಚೇರ್ ಬುಕ್ ಮಾಡಿದ್ದೀನಿ, ಆದರೂ ತಳ್ಳುವವರು ಬ್ಯಾಗ್ ಎತ್ತಿಕೊಡ್ತಾರೆ ಅಂತ ನಂಬಿ ಕೂರೋಕಾಗಲ್ಲ.

ಕೊನೆಗೆ ಆರಿಸಿದ್ದು ಮೆತ್ತನೆ ನೈಲಾನಿನ, ಎರಡೇ ಚಕ್ರದ, ಮಧ್ಯಮ ಗಾತ್ರದ ಎರಡು ಬ್ಯಾಗು. ಒಂದೊಂದು 2.1 ಕೆಜಿ. ಎರಡು ಚಕ್ರ ಯಾಕಂದ್ರೆ ಅವು ದೊಡ್ಡವು, ಒಳಗೆ ಹುದುಗಿರ್ತವೆ, ಒಡೆದ ಫುಟ್‌ಪಾತಲ್ಲೂ ಉರುಳ್ತವೆ. ನಾಲ್ಕು ಚಕ್ರದವು ಹೊರಗೆ ಚಾಚಿರೋದ್ರಿಂದ 158 ಸೆಂಟಿಮೀಟರಿನ ಅಳತೆಯಲ್ಲಿ ಅವೂ ಲೆಕ್ಕಕ್ಕೆ ಬರ್ತವೆ.

ಎಷ್ಟು ತುಂಬೋದು ಅಂತ ಅಮ್ಮನೇ ಟೆಸ್ಟ್ ಮಾಡಿದ್ರು. ಬ್ಯಾಗಿಗೆ ಅಕ್ಕಿ ಹಾಕಿ ಬಿಲ್ಡಿಂಗಿನ ಮೆಟ್ಟಿಲು ಹತ್ತೋದು, ಕಾಲು ನೋವು ಬಂದ್ರೆ ಒಂದು ಕೆಜಿ ತೆಗೆಯೋದು. ಬ್ಯಾಗೂ ಸೇರಿ 11 ಕೆಜಿಗೆ ನಿಂತಿತು. ಎರಡೂ ಸೇರಿದರೆ 22.

"ಉಳಿದ 24 ಕೆಜಿ ವೇಸ್ಟ್ ಅಲ್ವಾ?" ಅಂದೆ.

"ನೀ ಬಂದ್ ಹೊತ್ಕಂಡ್ ಹೋಗ್" ಅಂದ್ರು.

ಕುಕ್ಕರ್ ಬರ್ತಿಲ್ಲ. ಹಲಸಿನ ಹಪ್ಪಳ ಬರ್ತಿದೆ. ಅಪ್ಪನ ಟ್ರಂಕು ಮಂಚದಡಿಯಲ್ಲೇ ಇದೆ, ಕೊಡದೆ ಉಳಿದ ಅಕ್ಕಿ ಈಗ ಅದರೊಳಗೆ.