ಡಿಗ್ರಾಸಿ (ದೂರದರ್ಶನ ಸರಣಿ)

ಡಿಗ್ರಾಸಿ ಎಂಬುದು ಹದಿಹರೆಯದವರ ಬದುಕಿನ ಸಮಸ್ಯೆಗಳನ್ನು ವಾಸ್ತವಿಕವಾಗಿ ನಿರೂಪಿಸಿದ ಕೆನಡಾದ ದೂರದರ್ಶನ ಧಾರಾವಾಹಿಗಳ ಸರಣಿ. ಇದನ್ನು ರೂಪಿಸಿದವರು ಲಿಂಡಾ ಸ್ಕೈಲರ್ ಮತ್ತು ಕಿಟ್ ಹುಡ್. 1979ರಿಂದ 2017ರ ನಡುವೆ ಬೇರೆ ಬೇರೆ ಅವಧಿಗಳಲ್ಲಿ ಈ ಸರಣಿಯ ಐದು ಧಾರಾವಾಹಿಗಳು ಪ್ರಸಾರವಾದವು. ಟೊರೊಂಟೊ ನಗರದ ಡಿಗ್ರಾಸಿ ಬೀದಿಯಿಂದ ಸರಣಿಗೆ ಈ ಹೆಸರು ಬಂದಿದೆ.

ಹಿನ್ನೆಲೆ

ಸ್ಕೈಲರ್ ಮೊದಲು ಟೊರೊಂಟೊದಲ್ಲಿ ಶಾಲಾ ಶಿಕ್ಷಕಿಯಾಗಿದ್ದರು. 1976ರಲ್ಲಿ ಅವರು ಹುಡ್ ಅವರೊಡನೆ ‘ಪ್ಲೇಯಿಂಗ್ ವಿತ್ ಟೈಮ್’ ಎಂಬ ನಿರ್ಮಾಣ ಸಂಸ್ಥೆಯನ್ನು ಸ್ಥಾಪಿಸಿದರು. ‘ದಿ ಕಿಡ್ಸ್ ಆಫ್ ಡಿಗ್ರಾಸಿ ಸ್ಟ್ರೀಟ್’ (1979–1986) ಸರಣಿಯ ಮೊದಲ ಧಾರಾವಾಹಿ. ‘ಡಿಗ್ರಾಸಿ ಜೂನಿಯರ್ ಹೈ’ (1987–1989) ಮತ್ತು ‘ಡಿಗ್ರಾಸಿ ಹೈ’ (1989–1991) ಅದನ್ನು ಅನುಸರಿಸಿದವು. ಇವು ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಸಿಬಿಸಿಯಲ್ಲಿ ಪ್ರಸಾರಗೊಂಡವು. ಮುಂದೆ ‘ದಿ ನೆಕ್ಸ್ಟ್ ಜನರೇಶನ್’ (2001–2015) ಹಾಗೂ ‘ನೆಕ್ಸ್ಟ್ ಕ್ಲಾಸ್’ (2016–2017) ಬಂದವು.

ನಿರ್ಮಾಣದ ವೈಶಿಷ್ಟ್ಯ

ವಯಸ್ಕ ನಟರಿಗೆ ವಿದ್ಯಾರ್ಥಿಗಳ ಪಾತ್ರ ನೀಡುವುದು ದೂರದರ್ಶನದಲ್ಲಿ ಸಾಮಾನ್ಯ ರೂಢಿ. ಡಿಗ್ರಾಸಿಯಲ್ಲಿ ಮಾತ್ರ ಪಾತ್ರಗಳ ವಯಸ್ಸಿನವರೇ ಆದ ಮಕ್ಕಳನ್ನು ಆರಿಸಲಾಗುತ್ತಿತ್ತು. ಆರಂಭದ ಧಾರಾವಾಹಿಗಳ ಬಹುಪಾಲು ಕಲಾವಿದರು ವೃತ್ತಿನಿರತರಲ್ಲ; ಕಾರ್ಯಾಗಾರಗಳಲ್ಲಿ ತರಬೇತಿ ಪಡೆದವರು. ಹೀಗಾಗಿ ಪ್ರೇಕ್ಷಕರು ತಮ್ಮ ಸಹಪಾಠಿಗಳಂತಹ ಮುಖಗಳನ್ನೇ ತೆರೆಯ ಮೇಲೆ ಕಂಡರು.

ಕಥಾವಸ್ತು

ಹದಿಹರೆಯದ ಗರ್ಭಧಾರಣೆ, ಮದ್ಯಪಾನ, ಆತ್ಮಹತ್ಯೆ, ಎಚ್‌ಐವಿ ಸೋಂಕು, ಶಾಲೆಯಲ್ಲಿ ಗುಂಡಿನ ದಾಳಿ ಮೊದಲಾದ ವಿಷಯಗಳನ್ನು ಸರಣಿಯು ನಿರ್ವಹಿಸಿದೆ. ಸಮಸ್ಯೆಯು ಒಂದು ಕಂತಿನೊಳಗೆ ಪರಿಹಾರವಾಗಿ ಮರೆತುಹೋಗದೆ, ಅದರ ಪರಿಣಾಮಗಳು ಪಾತ್ರಗಳನ್ನು ವರ್ಷಗಟ್ಟಲೆ ಹಿಂಬಾಲಿಸುವುದು ಇಲ್ಲಿನ ಮುಖ್ಯ ಲಕ್ಷಣ.

‘ಜೂನಿಯರ್ ಹೈ’ನಲ್ಲಿ ಸ್ಪೈಕ್ ಎಂಬ ಬಾಲಕಿ ಗರ್ಭವತಿಯಾಗಿ ಮಗುವನ್ನು ಹೆರುತ್ತಾಳೆ. ಆ ಮಗು ಎಮ್ಮಾ, 2001ರಲ್ಲಿ ‘ದಿ ನೆಕ್ಸ್ಟ್ ಜನರೇಶನ್’ ಆರಂಭವಾದಾಗ ಅದೇ ಶಾಲೆಯ ವಿದ್ಯಾರ್ಥಿನಿಯಾಗಿ ಕಾಣಿಸಿಕೊಳ್ಳುತ್ತಾಳೆ. ವೀಲ್ಸ್ ಎಂಬ ಬಾಲಕನ ತಂದೆತಾಯಿ ಕುಡಿದು ವಾಹನ ಚಲಾಯಿಸಿದವನಿಂದಾಗಿ ಸಾವನ್ನಪ್ಪುತ್ತಾರೆ. 1992ರ ‘ಸ್ಕೂಲ್ಸ್ ಔಟ್’ ದೂರದರ್ಶನ ಚಿತ್ರದಲ್ಲಿ ಅದೇ ವೀಲ್ಸ್ ಕುಡಿದು ಕಾರು ಓಡಿಸಿ ಮಗುವೊಂದರ ಸಾವಿಗೆ ಕಾರಣನಾಗುತ್ತಾನೆ. 2004ರ ಕಂತಿನಲ್ಲಿ ಗುಂಡೇಟು ತಿಂದ ಜಿಮ್ಮಿ ಗಾಲಿಕುರ್ಚಿಯನ್ನು ಅವಲಂಬಿಸಬೇಕಾಗುತ್ತದೆ. ಈ ಪಾತ್ರವನ್ನು ನಿರ್ವಹಿಸಿದ ಆಬ್ರಿ ಗ್ರಹಾಂ ಮುಂದೆ ಡ್ರೇಕ್ ಎಂಬ ಹೆಸರಿನಲ್ಲಿ ಪ್ರಸಿದ್ಧ ಗಾಯಕರಾದರು.

ಪ್ರಸಾರದ ವಿವಾದಗಳು

ಗರ್ಭಪಾತದ ವಿಷಯವು ಎರಡು ಬಾರಿ ಅಮೆರಿಕದಲ್ಲಿ ಅಡ್ಡಿಯನ್ನು ಎದುರಿಸಿತು. 1989ರ ಕಂತಿನ ಕೊನೆಯಲ್ಲಿ ಎರಿಕಾ ತನ್ನ ಅವಳಿ ಸಹೋದರಿಯೊಡನೆ ಪ್ರತಿಭಟನಕಾರರನ್ನು ದಾಟಿ ಚಿಕಿತ್ಸಾಲಯಕ್ಕೆ ಹೋಗುವ ದೃಶ್ಯವಿತ್ತು. ಪಿಬಿಎಸ್ ಅದನ್ನು ಕತ್ತರಿಸಿ ಪ್ರಸಾರ ಮಾಡಿತು. 2004ರಲ್ಲಿ ಕೆನಡಾದಲ್ಲಿ ಪ್ರಸಾರವಾದ, ಮ್ಯಾನಿಯ ಗರ್ಭಪಾತವನ್ನು ಕುರಿತ ಕಂತುಗಳನ್ನು ‘ದಿ ಎನ್’ ವಾಹಿನಿ 2006ರವರೆಗೆ ತಡೆಹಿಡಿಯಿತು. ಮ್ಯಾನಿಯ ನಿರ್ಧಾರವನ್ನು ಮೊದಲಿಗೆ ವಿರೋಧಿಸುವವಳು ಆಕೆಯ ಗೆಳತಿ ಎಮ್ಮಾ. ತಾನೇ ಹದಿಹರೆಯದ ತಾಯಿಯ ಮಗಳಾದ ಅವಳ ಈ ನಿಲುವಿನ ಮೂಲಕ ಎರಡೂ ಪಕ್ಷಗಳ ನೋವಿಗೆ ಕಥೆಯಲ್ಲಿ ಸ್ಥಾನ ದೊರೆಯಿತು.

ಮನ್ನಣೆ

ಸ್ಪೈಕ್‌ಳ ಕಥೆಯ ‘ಇಟ್ಸ್ ಲೇಟ್’ ಕಂತು 1987ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಯನ್ನು ಪಡೆಯಿತು. ಲಿಂಗಪರಿವರ್ತಿತ ಬಾಲಕ ಆಡಮ್‌ನ ಬದುಕನ್ನು ನಿರೂಪಿಸಿದ ‘ಮೈ ಬಾಡಿ ಈಸ್ ಎ ಕೇಜ್’ (2010) ಕಂತಿಗೆ ಪೀಬಾಡಿ ಪ್ರಶಸ್ತಿ ದೊರೆಯಿತು.