ಹಾಡು ಓಡಿತು, ವಿಡಿಯೊ ಬ್ಯಾನ್ ಆಯ್ತು: ಗಾರ್ತ್ ಬ್ರೂಕ್ಸ್ ಹಿಟ್‌ಗಳ ಇನ್ನೊಂದು ಕಥೆ

ಅಮೆರಿಕದ ಕಂಟ್ರಿ ಮ್ಯೂಸಿಕ್ ಅಂದ್ರೆ ಹ್ಯಾಟು, ಗಿಟಾರು, ಪಿಕಪ್ ಟ್ರಕ್ಕು, ಜೊತೆಗೆ ರಿಪಬ್ಲಿಕನ್ ಓಟು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಆ ಲೆಕ್ಕ ತಪ್ಪಿಸಿದ್ದು ಗಾರ್ತ್ ಬ್ರೂಕ್ಸ್. ಅದೂ ಹಾಡುಗಳಿಗಿಂತ ಹೆಚ್ಚಾಗಿ ಅವರ ಮ್ಯೂಸಿಕ್ ವಿಡಿಯೊಗಳು.

ಬ್ರೂಕ್ಸ್ ಹುಟ್ಟಿದ್ದು 1962ರಲ್ಲಿ, ಓಕ್ಲಹೋಮಾ ರಾಜ್ಯದ ಟಲ್ಸಾದಲ್ಲಿ. ಮೊದಲ ಆಲ್ಬಂ ಬಂದದ್ದು 1989ರಲ್ಲಿ. ಅದರಲ್ಲಿದ್ದ 'ಇಫ್ ಟುಮಾರೋ ನೆವರ್ ಕಮ್ಸ್' ಅವರ ಮೊದಲ ನಂಬರ್ ಒನ್. ಅದೇ ಆಲ್ಬಂನ 'ದ ಡಾನ್ಸ್' ಸುಮ್ಮನೆ ಕೇಳಿದರೆ ಮುರಿದ ಪ್ರೇಮದ ಹಾಡು. 1990ರ ವಿಡಿಯೊದಲ್ಲಿ ಮಾತ್ರ ಮಾರ್ಟಿನ್ ಲೂಥರ್ ಕಿಂಗ್, ಕೆನಡಿ, ಚಾಲೆಂಜರ್ ನೌಕೆಯ ಗಗನಯಾತ್ರಿಗಳು, ಗೂಳಿ ತಿವಿದು ಸತ್ತ ರೋಡಿಯೊ ಸವಾರ ಲೇನ್ ಫ್ರಾಸ್ಟ್ ಬರ್ತಾರೆ. ಕಳೆದುಹೋದ ಹುಡುಗಿಯ ಹಾಡು ಬೇಗ ಹೋದವರೆಲ್ಲರ ಹಾಡಾಗಿಬಿಟ್ಟಿತು. ಅದೇ ವರ್ಷ ಬಂದ 'ಫ್ರೆಂಡ್ಸ್ ಇನ್ ಲೋ ಪ್ಲೇಸಸ್' ಬಾರ್‌ಗಳಲ್ಲಿ ಇವತ್ತಿಗೂ ಜನ ಒಟ್ಟಾಗಿ ಕಿರುಚುವ ಹಾಡು. ಅದರ ಬಗ್ಗೆ ಹೆಚ್ಚು ಹೇಳೋದೇನಿಲ್ಲ.

ಹೇಳಬೇಕಾದದ್ದು 'ದ ಥಂಡರ್ ರೋಲ್ಸ್' ಬಗ್ಗೆ. ಪ್ಯಾಟ್ ಆಲ್ಜರ್ ಜೊತೆ ಬ್ರೂಕ್ಸ್ ಬರೆದ ಈ ಹಾಡಿನಲ್ಲಿ ಮಳೆ ರಾತ್ರಿ, ಬೇರೆ ಹೆಣ್ಣಿನ ಬಳಿಯಿಂದ ಮನೆಗೆ ಬರುವ ಗಂಡ, ಬೇರೆ ಸುಗಂಧದ ವಾಸನೆ ಹಿಡಿಯುವ ಹೆಂಡತಿ ಇದ್ದಾರೆ. ಆಲ್ಬಂನಲ್ಲಿ ಕಥೆ ಅಲ್ಲಿಗೇ ನಿಲ್ಲುತ್ತೆ. ಆಕೆ ಪಿಸ್ತೂಲು ತೆಗೆಯುವ ಮೂರನೇ ಚರಣವನ್ನು ಬ್ರೂಕ್ಸ್ ವೇದಿಕೆಯಲ್ಲಿ ಹಾಡ್ತಿದ್ದರು. 1991ರ ವಿಡಿಯೊ ಇನ್ನೂ ಮುಂದೆ ಹೋಯ್ತು. ಗಂಡ ಹೊಡೆಯುತ್ತಾನೆ, ಮಗಳು ನೋಡುತ್ತಾಳೆ, ಹೆಂಡತಿ ಗುಂಡು ಹಾರಿಸುತ್ತಾಳೆ. ವಿಗ್ಗು, ಗಡ್ಡ, ಕನ್ನಡಕ ಹಾಕಿಕೊಂಡು ಆ ಗಂಡನ ಪಾತ್ರ ಮಾಡಿದವರು ಸ್ವತಃ ಬ್ರೂಕ್ಸ್.

ಟಿಎನ್‌ಎನ್, ಸಿಎಂಟಿ ಎಂಬ ಎರಡು ಕಂಟ್ರಿ ಚಾನೆಲ್‌ಗಳೂ ಇದನ್ನು ತೆಗೆದುಹಾಕಿದವು. ಕೊನೆಯಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧ ಒಂದು ಸಂದೇಶ ಸೇರಿಸಿದರೆ ಹಾಕ್ತೀವಿ ಅಂತ ಟಿಎನ್‌ಎನ್ ಹೇಳಿತು. ಬ್ರೂಕ್ಸ್ ಒಪ್ಪಲಿಲ್ಲ. ನನಗೆ ಇಲ್ಲಿ ಕಾಡುವ ಪ್ರಶ್ನೆ ಇದು: ಗಂಡ ಮೋಸ ಮಾಡುವ ಹಾಡುಗಳಿಂದಲೇ ಹೊಟ್ಟೆ ಹೊರೆಯುತ್ತಿದ್ದ ಉದ್ಯಮಕ್ಕೆ ಆತ ಕೈ ಎತ್ತಿದ್ದು ತೋರಿಸಿದ ಕೂಡಲೇ ಯಾಕೆ ಮುಜುಗರವಾಯ್ತು? ಮನೆಯೊಳಗಿನ ಮಾತು ಮನೆಯೊಳಗೇ ಇರಲಿ ಅನ್ನೋದು ನಮಗೂ ಹೊಸದಲ್ಲ. ಹಾಡಂತೂ ನಂಬರ್ ಒನ್ ಆಯ್ತು. ಅದೇ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಈ ವಿಡಿಯೊಗೇ ವರ್ಷದ ಪ್ರಶಸ್ತಿ ಕೊಟ್ಟಿತು!

ಮುಂದಿನ ವರ್ಷ, ರಾಡ್ನಿ ಕಿಂಗ್ ಪ್ರಕರಣದ ತೀರ್ಪಿನ ನಂತರ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ಬ್ರೂಕ್ಸ್ ಪ್ರಶಸ್ತಿ ಸಮಾರಂಭಕ್ಕೆ ಅದೇ ಊರಿನಲ್ಲಿದ್ದರು. ಅಲ್ಲಿಂದ ಹುಟ್ಟಿದ್ದು 'ವಿ ಶಲ್ ಬಿ ಫ್ರೀ'. ಹಸಿವು, ಬಣ್ಣಭೇದದ ಜೊತೆಗೆ, ಯಾರು ಯಾರನ್ನಾದರೂ ಪ್ರೀತಿಸಬಹುದು ಅನ್ನುವ ಮಾತೂ ಅದರಲ್ಲಿತ್ತು. ಕಂಟ್ರಿ ರೇಡಿಯೊಗೆ ಇದು ಸಹಿಸಲಿಲ್ಲ. ಸತತ ಹಿಟ್ ಕೊಡುತ್ತಿದ್ದ ಗಾಯಕನ ಹಾಡು 12ನೇ ಸ್ಥಾನಕ್ಕೆ ನಿಂತಿತು. 1993ರ ಜನವರಿ 31ರ ಸೂಪರ್ ಬೌಲ್‌ನಲ್ಲಿ ರಾಷ್ಟ್ರಗೀತೆ ಹಾಡಲು ಬ್ರೂಕ್ಸ್ ಒಪ್ಪಿದ್ದೇ ಈ ವಿಡಿಯೊ ತೋರಿಸಬೇಕೆಂಬ ಷರತ್ತಿನ ಮೇಲೆ. ಎನ್‌ಬಿಸಿ ಕೊನೆ ಗಳಿಗೆಯಲ್ಲಿ ಆಗಲ್ಲ ಅಂದಿತು. ಅವರು ಎದ್ದು ಹೊರಟರು. ಎನ್‌ಬಿಸಿ ಬಗ್ಗಿತು, ವಿಡಿಯೊ ಪ್ರಸಾರವಾಯ್ತು, ಆಟವೇ ತಡವಾಗಿ ಶುರುವಾಯ್ತು. ದೇಶಭಕ್ತಿಯ ವೇದಿಕೆಯನ್ನು ಹೀಗೂ ಬಳಸಬಹುದು ನೋಡಿ.

'ಸ್ಟ್ಯಾಂಡಿಂಗ್ ಔಟ್‌ಸೈಡ್ ದ ಫೈರ್' ವಿಡಿಯೊದಲ್ಲಿ ಡೌನ್ ಸಿಂಡ್ರೋಮ್ ಇರುವ ಹುಡುಗ ಎಲ್ಲರ ಜೊತೆ ಓಟದ ಸ್ಪರ್ಧೆಗೆ ಇಳಿಯುತ್ತಾನೆ. 'ದ ಚೇಂಜ್' ವಿಡಿಯೊ 1995ರ ಓಕ್ಲಹೋಮಾ ಸಿಟಿ ಬಾಂಬ್ ಸ್ಫೋಟದ ನಂತರದ ರಕ್ಷಣಾ ಕಾರ್ಯದ ದೃಶ್ಯಗಳಿಂದ ಮಾಡಿದ್ದು. ಎರಡನೆಯದು ನನಗೆ ಸ್ವಲ್ಪ ಹೆಚ್ಚೇ ಭಾವುಕ ಅನ್ನಿಸುತ್ತೆ.

ಇದನ್ನೆಲ್ಲ ಹೇಳಿ ಅವರನ್ನು ಹೀರೋ ಮಾಡ್ತಿಲ್ಲ. 2024ರ ಅಕ್ಟೋಬರ್‌ನಲ್ಲಿ, ಹಿಂದೆ ಅವರಿಗೆ ಕೇಶಾಲಂಕಾರ, ಮೇಕಪ್ ಮಾಡುತ್ತಿದ್ದ ಮಹಿಳೆಯೊಬ್ಬರು ಲೈಂಗಿಕ ದೌರ್ಜನ್ಯದ ಆರೋಪ ಮಾಡಿ ಮೊಕದ್ದಮೆ ಹೂಡಿದರು. ಬ್ರೂಕ್ಸ್ ಅದನ್ನು ನಿರಾಕರಿಸಿದ್ದಾರೆ. 'ದ ಥಂಡರ್ ರೋಲ್ಸ್' ನೋಡುವವರು ಎರಡನ್ನೂ ತಿಳಿದೇ ನೋಡಲಿ.